ಬೆಟ್ಟಿಂಗ್ ಬೋನಸ್ಸಿನ ಪೂರ್ತಿ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಬೆಟ್ಟಿಂಗಿನಿಂದ ಸಾಲಕ್ಕೆ ಬಿದ್ದವರ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹುಡುಗ ಯಾವ ಊರಿನವನು, ಸಾಲ ಎಷ್ಟು, ಪೊಲೀಸರು ಏನು ಹೇಳಿದರು, ಇಷ್ಟು ಇರುತ್ತದೆ. ದುಡ್ಡು ಯಾವ ದಾರಿಯಲ್ಲಿ ಹೋಯಿತು ಅನ್ನುವುದು ಮಾತ್ರ ಇರುವುದಿಲ್ಲ. ಆಸೆಗೆ ಬಿದ್ದ ಅಂತ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ನನ್ನ ದೂರು ಇದೇ. ಆಸೆ ಯಾರಿಗಿಲ್ಲ? ಆದರೆ ನಾನು ಕಂಡ ಹುಡುಗರನ್ನು ಒಳಗೆ ಎಳೆದದ್ದು ಬರೀ ಆಸೆಯಲ್ಲ, ಅರ್ಧ ತೋರಿಸಿದ ಲೆಕ್ಕ. 'ಹತ್ತು ಸಾವಿರ ಹಾಕಿ, ಇಪ್ಪತ್ತು ಸಾವಿರದಲ್ಲಿ ಆಡಿ' ಅನ್ನುವ ಆಫರು. ಉಳಿದ ಅರ್ಧ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಎಲ್ಲೋ ಒಳಗಿನ ಪುಟದಲ್ಲಿ ಇರುತ್ತದೆ. ಆ ಉಳಿದ ಅರ್ಧವನ್ನು ಕನ್ನಡದಲ್ಲಿ ಅಚ್ಚು ಹಾಕಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಪುಸ್ತಕ, ಬಟವಾಡೆ, ಮುಂಗಡದ ಲೆಕ್ಕ, ಗೊಬ್ಬರದ ಸ್ಟಾಕು ನನ್ನ ಕೈಯಲ್ಲಿ. ಇಂಗ್ಲಿಷಿನಲ್ಲಿ ಏನು ಬಂದರೂ ತೋಟದವರು ನನ್ನ ಹತ್ತಿರ ತರುತ್ತಾರೆ. ಬ್ಯಾಂಕಿನ ಮೆಸೇಜು, ಆಸ್ಪತ್ರೆ ಚೀಟಿ, ಆಧಾರ್ ತಿದ್ದುಪಡಿ ಎಲ್ಲ ಓದಿ ಹೇಳುತ್ತೇನೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆ ಬೆಟ್ಟಿಂಗ್ ಆಫರಿನ ಮೆಸೇಜುಗಳೂ ಸೇರಿವೆ. 'ಸಾರ್, ಇದರಲ್ಲಿ ಎಷ್ಟು ಸಿಗುತ್ತೆ ನೋಡಿ' ಅಂತ ಫೋನು ಮುಂದೆ ಹಿಡಿಯುತ್ತಾರೆ. ಓದಿ ಹೇಳುವ ಮೊದಲು ನಾನು ತಿಳಿದುಕೊಳ್ಳಬೇಕಲ್ವಾ? ಹಾಗೆ ಈ ಷರತ್ತುಗಳನ್ನು ಕೂತು ಓದತೊಡಗಿದೆ. ಬಿ.ಕಾಂ. ಓದಿರುವ ನನ್ನ ಅಣ್ಣನ ಮಗಳು ಸಹಾಯ ಮಾಡಿದಳು. ಓದುತ್ತಾ ಹೋದ ಹಾಗೆ ಸಿಟ್ಟು ಬಂತು. ಈ ಲೆಕ್ಕದಲ್ಲಿ ಕಷ್ಟ ಅನ್ನುವಂಥದ್ದು ಏನೂ ಇಲ್ಲ. ಏಳನೇ ಕ್ಲಾಸಿನ ಶೇಕಡಾವಾರು ಗೊತ್ತಿದ್ದರೆ ಸಾಕು. ಆದರೂ ಅದನ್ನು ಯಾರೂ ಇವರಿಗೆ ಬಿಡಿಸಿ ಹೇಳಿಲ್ಲ.

ನಮ್ಮ ಕಡೆ ಈ ಕಾಟ ಯಾವಾಗ ಜಾಸ್ತಿ ಅನ್ನುವುದನ್ನು ಮೊದಲು ಹೇಳುತ್ತೇನೆ. ಅರೇಬಿಕಾ ಕೊಯ್ಲು ನವೆಂಬರಿಗೆ ಜೋರಾಗುತ್ತದೆ. ಆಮೇಲೆ ರೊಬಸ್ಟಾ. ಮಾರ್ಚ್ ಹೊತ್ತಿಗೆ ಎಲ್ಲ ಮುಗಿದು ಕಡೆಯ ಬಟವಾಡೆ ಆಗುತ್ತದೆ. ಕೆ.ಜಿ. ಲೆಕ್ಕದಲ್ಲಿ ಕೊಯ್ದವರ ಕೈಯಲ್ಲಿ ವರ್ಷಕ್ಕೊಮ್ಮೆ ಒಂದಿಷ್ಟು ಇಡಿಗಂಟು ಇರುವುದು ಆಗಲೇ. ತೋಟದಲ್ಲಿ ಕೆಲಸ ಕಮ್ಮಿ, ಎಲ್ಲರೂ ಕಾಫಿ ಹೂ ಅರಳಿಸುವ ಮಳೆಗೆ ಕಾಯುತ್ತಿರುತ್ತಾರೆ. ಸರಿಯಾಗಿ ಆ ಹೊತ್ತಿಗೆ ಐಪಿಎಲ್ ಶುರು. 2025ರಲ್ಲಿ ಮಾರ್ಚ್ 22ಕ್ಕೆ ಶುರುವಾಗಿ ಜೂನ್ 3ರವರೆಗೆ ನಡೆಯಿತು. ಆರ್‌ಸಿಬಿ ಮೊದಲ ಸಲ ಕಪ್ ಗೆದ್ದ ವರ್ಷ ಅದು. ಕೈಯಲ್ಲಿ ದುಡ್ಡು, ಸಂಜೆ ಬಿಡುವು, ನಮ್ಮ ತಂಡ ಅನ್ನುವ ಅಭಿಮಾನ, ಮೂರೂ ಒಟ್ಟಿಗೆ ಸೇರುವ ಕಾಲಕ್ಕೆ ಫೋನಿಗೆ ಆಫರುಗಳು ಬಂದು ಬೀಳುತ್ತವೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಬರೆಯಬೇಕು. ದಯವಿಟ್ಟು ಕತ್ತರಿ ಹಾಕಬೇಡಿ.

ಮೊದಲು ಸೈಟಿನವನ, ಅಂದರೆ ಬೆಟ್ಟಿಂಗ್ ವೆಬ್‌ಸೈಟ್ ನಡೆಸುವವನ, ಪಾಲು ಎಲ್ಲಿದೆ ಅಂತ ನೋಡೋಣ. ಎರಡು ಸಮಬಲದ ತಂಡಗಳು ಅಂತ ಇಟ್ಟುಕೊಳ್ಳಿ. ನ್ಯಾಯವಾಗಿ 100 ರೂಪಾಯಿ ಕಟ್ಟಿ ಗೆದ್ದವನಿಗೆ 200 ವಾಪಸ್ ಬರಬೇಕು. ಸೈಟಿನಲ್ಲಿ ಎರಡೂ ತಂಡಕ್ಕೆ ರೇಟು 1.90 ಅಂತ ಇರುತ್ತದೆ. ಅಂದರೆ ಗೆದ್ದವನಿಗೆ ಸಿಗುವುದು 190. ಒಬ್ಬ ಈ ತಂಡಕ್ಕೆ 100 ಕಟ್ಟಿದ, ಇನ್ನೊಬ್ಬ ಆ ತಂಡಕ್ಕೆ 100 ಕಟ್ಟಿದ. ಒಟ್ಟು ಬಂದದ್ದು 200. ಗೆದ್ದವನಿಗೆ ಹೋದದ್ದು 190. ಉಳಿದ 10 ಸೈಟಿಗೆ. ಯಾರೇ ಗೆಲ್ಲಲಿ, ಆಡಿದ ಪ್ರತಿ 100 ರೂಪಾಯಿಗೆ 5 ರೂಪಾಯಿ ಅವನಿಗೆ ಹೋಗುತ್ತಲೇ ಇರುತ್ತದೆ. ಇದು ಶುಲ್ಕ ಅಂತ ಎಲ್ಲಿಯೂ ಬರೆದಿರುವುದಿಲ್ಲ. ರೇಟಿನ ಒಳಗೇ ಸೇರಿಕೊಂಡಿರುತ್ತದೆ.

ಈಗ ಬೋನಸ್ಸು. ನೀವು 10,000 ಹಾಕಿದರೆ ಅವರು 10,000 ಸೇರಿಸುತ್ತಾರೆ. ಖಾತೆಯಲ್ಲಿ 20,000 ಕಾಣುತ್ತದೆ. ಹುಡುಗರು ನನಗೆ ತೋರಿಸುವುದು ಈ ಅಂಕಿಯನ್ನೇ. 'ನೋಡಿ ಸಾರ್, ಬಂದೇ ಬಿಟ್ಟಿದೆ' ಅನ್ನುತ್ತಾರೆ. ಆದರೆ ಅದನ್ನು ಬ್ಯಾಂಕಿಗೆ ತರಲು ಹೋದರೆ ಆಗುವುದಿಲ್ಲ. ಮೊದಲು ರೋಲ್‌ಓವರ್ ಮುಗಿಸಬೇಕು. ಅಂದರೆ ಇಷ್ಟು ಪಟ್ಟು ಮೊತ್ತಕ್ಕೆ ಬೆಟ್ ಕಟ್ಟಿ ಮುಗಿಸಿರಬೇಕು ಅನ್ನುವ ಷರತ್ತು. ಡೆಪಾಸಿಟ್ಟು, ಬೋನಸ್ಸು ಎರಡನ್ನೂ ಸೇರಿಸಿ 10 ಪಟ್ಟು ಅಂತ ಇದ್ದರೆ 2,00,000 ರೂಪಾಯಿಯ ಬೆಟ್ ಕಟ್ಟಬೇಕು. ಎರಡು ಲಕ್ಷ! ಕೈಯಿಂದ ಹಾಕಿದ್ದು ಹತ್ತು ಸಾವಿರ. ಆ ಎರಡು ಲಕ್ಷದ ಮೇಲೆ ನೂರಕ್ಕೆ 5ರಂತೆ ಸೈಟಿನ ಪಾಲು 10,000. ಕೊಟ್ಟ ಬೋನಸ್ಸು ಅಷ್ಟೂ ಅವರಿಗೇ ವಾಪಸ್ ಹೋಯಿತು. ಷರತ್ತು 20 ಪಟ್ಟು ಅಂತಿದ್ದರೆ ಆಡಬೇಕಾದದ್ದು 4,00,000, ಸೈಟಿನ ಪಾಲು 20,000. ಆಗ ಬೋನಸ್ಸಿನ ಜೊತೆ ನಿಮ್ಮ ಹತ್ತು ಸಾವಿರವೂ ಹೋಯಿತು.

ಇದು ಸರಾಸರಿಯ ಮಾತು. ಒಬ್ಬ ಗೆದ್ದು ಜಾಸ್ತಿ ತರಬಹುದು. ಮತ್ತೊಬ್ಬ ಎರಡು ಲಕ್ಷ ಮುಟ್ಟುವ ಮೊದಲೇ ಸೊನ್ನೆಗೆ ಬರುತ್ತಾನೆ. ಸೊನ್ನೆಗೆ ಬಂದವನಿಗೆ ಮಾರನೇ ದಿನ ಇನ್ನೊಂದು ಮೆಸೇಜು ಬರುತ್ತದೆ: ಮತ್ತೆ ಹಾಕಿ, ಈ ಸಲ ಶೇಕಡಾ 50 ಬೋನಸ್. ಹೊಸ ಬೋನಸ್ಸಿಗೆ ಹೊಸ ರೋಲ್‌ಓವರ್.

ಹಾಗಾಗಿ 10 ಪಟ್ಟು ಅಂದ ತಕ್ಷಣ ಕೇಳಬೇಕಾದದ್ದು, ಯಾವುದರ 10 ಪಟ್ಟು? ಬರೀ ಬೋನಸ್ಸಿನ ಮೇಲೆ ಅಂದರೆ ಆಡಬೇಕಾದದ್ದು ಒಂದು ಲಕ್ಷ. ಎರಡರ ಮೇಲೂ ಅಂದರೆ ಎರಡು ಲಕ್ಷ. ಒಂದು ಪದ ಬದಲಾದರೆ ಸೈಟಿನ ಪಾಲು ಐದು ಸಾವಿರದಿಂದ ಹತ್ತು ಸಾವಿರಕ್ಕೆ ಏರುತ್ತದೆ. ಈ ಪದ ದೊಡ್ಡ ಅಕ್ಷರದಲ್ಲಿ ಇದ್ದದ್ದನ್ನು ನಾನು ಯಾವ ಆಫರಿನಲ್ಲೂ ಕಂಡಿಲ್ಲ.

ತೋಟದಲ್ಲಿ ಮುಂಗಡ ಪಡೆದವನು ಕೂಲಿಯಲ್ಲಿ ಮುರಿಸಿ ತೀರಿಸುತ್ತಾನೆ. ತೀರುವ ತನಕ ಬೇರೆ ಕಡೆ ಹೋಗಲು ಅವನಿಗೆ ಮನಸ್ಸಾಗುವುದಿಲ್ಲ. ಬೋನಸ್ಸೂ ಅಂಥದೇ ಮುಂಗಡ. ಆದರೆ ನನ್ನ ಪುಸ್ತಕದಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ವಾರವಾರ ಕಾಣುತ್ತದೆ, ದುಡಿದಷ್ಟೂ ಸಾಲ ಕರಗುತ್ತದೆ. ಅಲ್ಲಿ ತೀರಿಸಲು ಆಡಿದಷ್ಟೂ ಕೈಯಲ್ಲಿರುವ ಅಸಲೇ ಕರಗುತ್ತದೆ.

ನನಗೆ ತುಂಬಾ ನೋವಾಗುವುದು ಅವಧಿಯ ಷರತ್ತಿನ ವಿಷಯದಲ್ಲಿ. ರೋಲ್‌ಓವರನ್ನು 30 ದಿನದಲ್ಲಿ ಮುಗಿಸಬೇಕು ಅಂತಿರುತ್ತದೆ. ಕೆಲವು ಕಡೆ 7 ದಿನ. ಮುಗಿಸದಿದ್ದರೆ ಬೋನಸ್ಸೂ ಹೋಯಿತು, ಅದರಿಂದ ಗೆದ್ದದ್ದೂ ಹೋಯಿತು. ಎರಡು ಲಕ್ಷವನ್ನು 30 ದಿನದಲ್ಲಿ ಆಡಬೇಕು ಅಂದರೆ ದಿನಕ್ಕೆ ಸುಮಾರು 6,700 ರೂಪಾಯಿ. 7 ದಿನ ಅಂದರೆ ದಿನಕ್ಕೆ 28,000ಕ್ಕೂ ಜಾಸ್ತಿ. ನಮ್ಮ ತೋಟದ ಜೀಪಿನ ಹುಡುಗನ ವಿಷಯ ಹೇಳುತ್ತೇನೆ. ಮೊದಲು ಅವನು ಆರ್‌ಸಿಬಿ ಮ್ಯಾಚಿಗೆ ಮಾತ್ರ ಗೆಳೆಯರ ನಡುವೆ ನೂರು ಇನ್ನೂರು ಕಟ್ಟುತ್ತಿದ್ದ. ಗೆದ್ದರೆ ಬಜ್ಜಿ, ಸೋತರೆ ಸುಮ್ನೆ ಮನೆಗೆ. ಬೋನಸ್ಸು ಪಡೆದ ಮೇಲೆ ವಾರಕ್ಕೆ ಎರಡು ಮ್ಯಾಚು ಅವನಿಗೆ ಸಾಲದಾಯಿತು. ದಿನದ ಲೆಕ್ಕ ತುಂಬಬೇಕಲ್ಲ! ರಾತ್ರಿ ಹನ್ನೊಂದರ ಮೇಲೆ ಯಾವುದೋ ದೇಶದ ಟೇಬಲ್ ಟೆನಿಸ್ಸಿಗೆ ಕಟ್ಟತೊಡಗಿದ. ಆಟಗಾರರ ಹೆಸರು ಓದಲೂ ಅವನಿಗೆ ಬರುತ್ತಿರಲಿಲ್ಲ. ಟೇಬಲ್ ಟೆನಿಸ್ ಯಾಕೆ ಅಂತ ಕೇಳಿದರೆ, 'ಬೇಗ ಮುಗಿಯುತ್ತೆ ಸಾರ್, ರೋಲ್‌ಓವರ್ ಬೇಗ ಆಗುತ್ತೆ' ಅಂದ. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಘಾಟಿ ರಸ್ತೆಯಲ್ಲಿ ಆಳುಗಳನ್ನು ಕರೆದುಕೊಂಡು ಬರುತ್ತಿದ್ದ. ನಾನು ಮೇನೇಜರಿಗೆ ಹೇಳಿ ಅವನನ್ನು ಕೆಲವು ದಿನ ಜೀಪಿನಿಂದ ಇಳಿಸಿದೆ. ಅವನು ಈಗಲೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ, ಪರವಾಗಿಲ್ಲ. ಕ್ರಿಕೆಟ್ಟಿನ ಮೇಲಿನ ಪ್ರೀತಿಗೆ ನೂರಿನ್ನೂರು ಕಟ್ಟುತ್ತಿದ್ದ ಹುಡುಗನನ್ನು ನಿದ್ದೆ ಕೆಟ್ಟು ಆಡುವವನನ್ನಾಗಿ ಮಾಡಿದ್ದು ಆ 30 ದಿನದ ಗಡುವು. ನಿಮ್ಮ ವರದಿಗಳಲ್ಲಿ ಇದು ಎಲ್ಲೂ ಬರುವುದಿಲ್ಲ.

'ನಮ್ಮದರಲ್ಲಿ ಬರೀ 5 ಪಟ್ಟು' ಅಂತ ಇನ್ನೊಂದು ನಮೂನೆಯ ಆಫರಿದೆ. ಕೇಳಲು ಸಲೀಸು. ಒಳಗೆ ಓದಿದರೆ, ಒಂಟಿ ಬೆಟ್ ಲೆಕ್ಕಕ್ಕಿಲ್ಲ. ಮೂರು ಮ್ಯಾಚುಗಳನ್ನು ಒಟ್ಟಿಗೆ ಜೋಡಿಸಿ ಕಟ್ಟಬೇಕು, ಮೂರೂ ಗೆದ್ದರೆ ಮಾತ್ರ ದುಡ್ಡು. ಒಂದು ಸೋತರೂ ಎಲ್ಲ ಹೋಯಿತು. ಇಲ್ಲಿ ಸೈಟಿನ ಪಾಲು ಮೂರು ಸಲ ಕೂಡುತ್ತದೆ. 100ರಲ್ಲಿ ಮೊದಲನೆಯದಕ್ಕೆ 95 ಉಳಿಯಿತು, ಎರಡನೆಯದಕ್ಕೆ ಸುಮಾರು 90, ಮೂರನೆಯದಕ್ಕೆ ಸುಮಾರು 86. ಅಂದರೆ ನೂರಕ್ಕೆ 14 ರೂಪಾಯಿ ಅವರಿಗೆ. 10,000 ಬೋನಸ್ಸಿಗೆ 5 ಪಟ್ಟು ಅಂದರೆ 50,000. ಅದರ ಮೇಲೆ ಸೈಟಿನ ಪಾಲು 7,000ಕ್ಕೂ ಜಾಸ್ತಿ. ಒಂಟಿ ಬೆಟ್ಟಿನಲ್ಲಿ ಬೋನಸ್ಸಿನ 10 ಪಟ್ಟು ಆಡಿದರೂ ಹೋಗುವುದು 5,000 ಮಾತ್ರ. ಪಟ್ಟು ಕಮ್ಮಿ ಇರುವ ಆಫರೇ ಜಾಸ್ತಿ ತಿನ್ನುತ್ತದೆ ಅನ್ನುವುದನ್ನು ನಮ್ಮ ಹುಡುಗರಿಗೆ ನಂಬಿಸಲು ಕ್ಯಾಲ್ಕುಲೇಟರ್ ಅವರ ಕೈಗೇ ಕೊಟ್ಟು ಒತ್ತಿಸಬೇಕಾಯಿತು. ಒತ್ತಿದ ಮೇಲೆ ಒಪ್ಪಿದರು.

ಫ್ರೀ ಬೆಟ್ ಅನ್ನುವುದರ ಲೆಕ್ಕ ಚಿಕ್ಕದು. 500 ರೂಪಾಯಿಯ ಫ್ರೀ ಬೆಟ್ಟನ್ನು 1.90 ರೇಟಿಗೆ ಕಟ್ಟಿ ಗೆದ್ದರೆ 950 ಬರುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಬರುವುದು 450. ಕಟ್ಟಿದ 500 ಅವರದು, ಅದು ಅವರಿಗೇ ವಾಪಸ್. ಸೋಲು ಗೆಲುವು ಅರ್ಧರ್ಧ ಅಂದರೆ ಆ 500ರ ನಿಜವಾದ ಬೆಲೆ ಸರಾಸರಿ 225. 'ಮೊದಲ ಬೆಟ್ ಸೋತರೆ ಪೂರ್ತಿ ವಾಪಸ್' ಅನ್ನುವುದೂ ಇದೇ ಥರ. ನೀವು ಸೋತದ್ದು 1,000 ರೂಪಾಯಿ ನಗದು. ವಾಪಸ್ ಬರುವುದು 1,000ದ ಫ್ರೀ ಬೆಟ್, ಅಂದರೆ ಸರಾಸರಿ 450 ರೂಪಾಯಿ. ಹೋದದ್ದು ನೋಟು, ಬಂದದ್ದು ಚೀಟಿ. ಇದನ್ನು 'ನಷ್ಟವೇ ಇಲ್ಲ' ಅಂತ ಹೇಳಿ ಮಾರುವುದು ಸುಳ್ಳು. ಸುಳ್ಳನ್ನು ಸುಳ್ಳು ಅಂತ ಪತ್ರಿಕೆ ಹೇಳಬೇಕು.

ಆರ್‌ಸಿಬಿ ಗೆದ್ದರೆ ರೇಟು 1.90ರ ಬದಲು 3.00 ಅನ್ನುವ ಆಫರುಗಳೂ ಬರುತ್ತವೆ. ಅಲ್ಲಿ 200 ರೂಪಾಯಿಗಿಂತ ಜಾಸ್ತಿ ಕಟ್ಟುವ ಹಾಗಿಲ್ಲ ಅಂತ ಒಂದು ಮಿತಿ ಇರುತ್ತದೆ. 200 ಕಟ್ಟಿ ಗೆದ್ದವನಿಗೆ 380ರ ಬದಲು 600 ಬರುತ್ತದೆ, ಅಂದರೆ ಅವರು ಬಿಡುವುದು ಹೆಚ್ಚೆಂದರೆ 220 ರೂಪಾಯಿ. ಅಷ್ಟಕ್ಕೆ ಅವರಿಗೆ ಸಿಗುವುದು ಒಂದು ಫೋನ್ ನಂಬರು, ಒಂದು ಯುಪಿಐ, ಸೀಸನ್ ಪೂರ್ತಿ ಮೆಸೇಜು ಕಳಿಸಲು ಒಬ್ಬ ಮನುಷ್ಯ.

ತೋಟದ ಲೈನ್ ಮನೆಗಳಲ್ಲಿ, ಅಂದರೆ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇರುವವರಿಗೆ ಮಾತ್ರ ತಟ್ಟುವ ಷರತ್ತು ಒಂದಿದೆ. ಪೇಟೆಯವರಿಗೆ ಇದು ಹೊಳೆಯಲಿಕ್ಕಿಲ್ಲ. ಒಂದು ಮನೆಗೆ, ಒಂದು ಫೋನಿಗೆ, ಒಂದು ಇಂಟರ್ನೆಟ್ ಸಂಪರ್ಕಕ್ಕೆ ಒಂದೇ ಬೋನಸ್ ಅನ್ನುವುದು ಅದು. ನಮ್ಮಲ್ಲಿ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಒಬ್ಬನ ಹಾಟ್‌ಸ್ಪಾಟಿನಲ್ಲಿ ನಾಲ್ಕು ಜನ ಕೂರುತ್ತಾರೆ. ವಿಳಾಸವೂ ಎಲ್ಲರದೂ ಒಂದೇ, ತೋಟದ ಹೆಸರು. ಹಾಗಾಗಿ ಒಬ್ಬ ಗೆದ್ದು ದುಡ್ಡು ಕೇಳಿದಾಗ 'ಬೋನಸ್ ದುರುಪಯೋಗ' ಅಂತ ಖಾತೆ ಮುಚ್ಚುತ್ತಾರೆ. ದುಡ್ಡು ಹಾಕುವಾಗ ಇದನ್ನು ಯಾರೂ ಕೇಳುವುದಿಲ್ಲ. ವಿತ್‌ಡ್ರಾ ಒತ್ತಿದಾಗಲೇ ಎಲ್ಲ ನೆನಪಾಗುವುದು. ಪಾನ್ ಕಾರ್ಡು, ಪಾಸ್‌ಬುಕ್ಕು, ಕೈಯಲ್ಲಿ ಆಧಾರ್ ಹಿಡಿದ ಫೋಟೊ. ಎಷ್ಟೋ ಜನರ ಸಿಮ್ಮು ಅಣ್ಣನ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಹೆಂಡತಿಯದು. ಹೆಸರು ಹೊಂದುವುದಿಲ್ಲ, ದುಡ್ಡು ಬರುವುದಿಲ್ಲ. ನಮ್ಮ ಲೈನಿನ ಒಬ್ಬನ ಹಣ ಹೀಗೇ ಹೋಯಿತು. ಅವನಿಗೆ ಹದಿನೈದು ಮೇಲ್ ಬರೆದುಕೊಟ್ಟರೂ ಪ್ರಯೋಜನ ಇರುತ್ತಿರಲಿಲ್ಲ, ಯಾಕೆಂದರೆ ಆ ಕಡೆ ಉತ್ತರ ಕೊಡುತ್ತಿದ್ದದ್ದು ಮನುಷ್ಯರೇ ಅಲ್ಲ, ಒಂದೇ ಸಾಲನ್ನು ತಿರುಗಿ ತಿರುಗಿ ಕಳಿಸುವ ಯಂತ್ರ.

ಇನ್ನು ಟಿಪ್ಸ್ ಕೊಡುವವರು. ಟೆಲಿಗ್ರಾಮಿನಲ್ಲಿ 'ಇವತ್ತು ಪಕ್ಕಾ' ಅಂತ ಬರೆದು ಕೆಳಗೆ ಒಂದು ಲಿಂಕ್ ಹಾಕುತ್ತಾರೆ, ಜೊತೆಗೆ ಬೋನಸ್ ಕೋಡ್. ಆ ಕೋಡ್ ಹಾಕಿ ಸೇರಿದರೆ ನಿಮಗೆ ಒಂದಿಷ್ಟು ಜಾಸ್ತಿ ಬೋನಸ್ ಅಂತ ತೋರುತ್ತದೆ. ನೀವು ಯಾರ ಕಡೆಯಿಂದ ಬಂದಿರಿ ಅಂತ ಸೈಟಿಗೆ ಗೊತ್ತಾಗುವುದು ಆ ಕೋಡಿನಿಂದಲೇ. ಇಂಥ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಸಿಗುವ ರೀತಿ ಏನು ಗೊತ್ತೇ? ಅವರು ಕರೆತಂದವರು ಸೋತ ಹಣದಲ್ಲಿ ಪಾಲು. ಅಂದರೆ ನಿಮಗೆ ಗೆಲ್ಲುವ ದಾರಿ ತೋರಿಸುತ್ತೇನೆ ಅನ್ನುವವನಿಗೆ ನೀವು ಸೋತರೆ ಮಾತ್ರ ಸಂಪಾದನೆ. ಈ ಒಂದು ಮಾತು ಹೇಳಿದಾಗ ನಮ್ಮ ಆಫೀಸಿನ ಜಗಲಿಯಲ್ಲಿ ಕೂತಿದ್ದ ಹುಡುಗರೆಲ್ಲ ಒಮ್ಮೆಗೇ ಸುಮ್ಮನಾದರು. ಅವರಲ್ಲಿ ಕೆಲವರು 'ಗೆಳೆಯನನ್ನು ಸೇರಿಸಿದರೆ 500' ಅನ್ನುವ ಆಫರಿಗೆ ತಮ್ಮ ಭಾವಮೈದುನರನ್ನೇ ಸೇರಿಸಿದ್ದರು.

'ಈಗ ಕಾನೂನೇ ಬಂದಿದೆಯಲ್ಲ, ಇದನ್ನೆಲ್ಲ ಯಾಕೆ ಬರೆಯಬೇಕು' ಅಂತ ನೀವು ಕೇಳಬಹುದು. ನಿಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಪಾಸು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಇದು ಒಳ್ಳೆಯ ಕಾಯ್ದೆ ಅಂತ ನನ್ನ ಅಭಿಪ್ರಾಯ, ಆಡಿದವನನ್ನು ಬಿಟ್ಟು ಆಡಿಸಿದವನನ್ನು ಹಿಡಿಯುವುದೇ ಸರಿ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆಮೇಲೆ ದಿಕ್ಕಿಲ್ಲದಂತಾಗಿದ್ದ ವಿಷಯಕ್ಕೆ ಈಗ ಒಂದು ದಾರಿ ಆಗಿದೆ.

ಆದರೆ ಕಾಯ್ದೆ ಬಂದ ಮೇಲೆ ಆದದ್ದೇನು? ಭಾರತದಲ್ಲಿ ಆಫೀಸು ಇದ್ದ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ವಿದೇಶದಲ್ಲಿ ಕೂತವರು ನಿಲ್ಲಿಸಿಲ್ಲ. ಒಂದು ವಿಳಾಸ ಬ್ಲಾಕ್ ಆದರೆ ಇನ್ನೊಂದು ವಿಳಾಸದಲ್ಲಿ ಬರುತ್ತಾರೆ. ಆಫರುಗಳು ಮೊದಲಿಗಿಂತ ದೊಡ್ಡದಾಗಿವೆ ಅಂತ ನನಗೆ ತೋರಿದೆ. ಮೊದಲು ಶೇಕಡಾ 100 ಅನ್ನುತ್ತಿದ್ದವು, ಈಗ ನಾನು ಓದಿಕೊಡುವ ಮೆಸೇಜುಗಳಲ್ಲಿ ಶೇಕಡಾ 300, 500 ಅಂತ ಬರುತ್ತದೆ. ದುಡ್ಡು ಹಾಕಲು ಕೊಡುವ ಯುಪಿಐ ಯಾವುದೋ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಸಲಸಲಕ್ಕೂ ಬೇರೆ ಹೆಸರು. ಅವು ಬಾಡಿಗೆಗೆ ಪಡೆದ ಖಾತೆಗಳು. ಎಷ್ಟೋ ಸಲ ಕಾಲೇಜು ಹುಡುಗರದು. ಅಂಥ ಖಾತೆಯ ಮೇಲೆ ಸೈಬರ್ ದೂರು ಬಿದ್ದರೆ, ಅದರಿಂದ ಗೆಲುವಿನ ಹಣ ಪಡೆದವನ ಖಾತೆಗೂ ತಡೆ ಬೀಳಬಹುದು. ಆಗ ಕೂಲಿ ಹಣವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಕಾನೂನಿನ ಮಾತು ಜನಕ್ಕೆ ಗೊತ್ತೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯ ಕಟ್ಟುವ ಕರಾರಿಗೆ ಬೆಲೆಯಿಲ್ಲ. ಗೆದ್ದ ಪಂದ್ಯದ ಹಣ ಕೊಡಿಸಿ ಅಂತ ಕೋರ್ಟಿಗೆ ಹೋಗಲು ಆಗುವುದಿಲ್ಲ. ಬೋನಸ್ ಕೊಡುತ್ತೇವೆ ಅಂತ ಅವರು ಎಷ್ಟು ದೊಡ್ಡದಾಗಿ ಬರೆದರೂ, ಕೊಡದಿದ್ದರೆ ಕೇಳುವ ಜಾಗ ಇಲ್ಲ. ಗೆದ್ದರೆ ಮಾತ್ರ ಆದಾಯ ತೆರಿಗೆ ಶೇಕಡಾ 30, ಅದರಲ್ಲಿ ಸೈಟು ವಿದೇಶದ್ದು ಅಂತ ವಿನಾಯಿತಿ ಇಲ್ಲ.

ಬೆಟ್ಟಿಂಗನ್ನು ಕಾನೂನಿನೊಳಗೆ ನಡೆಯಲು ಬಿಟ್ಟ ದೇಶಗಳೇ ಈ ಆಫರುಗಳಿಗೆ ಮೂಗುದಾರ ಹಾಕುತ್ತಿವೆ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ರೋಲ್‌ಓವರ್ 10 ಪಟ್ಟಿಗಿಂತ ಜಾಸ್ತಿ ಇರಬಾರದು ಅನ್ನುವ ನಿಯಮವನ್ನು 2025ರ ಮಾರ್ಚಿನಲ್ಲಿ ಪ್ರಕಟಿಸಿತು. ಕ್ರೀಡೆಯ ಬೆಟ್ಟಿಂಗಿಗೆ ಬಂದವನನ್ನು ಅದೇ ಆಫರಿನಲ್ಲಿ ಕ್ಯಾಸಿನೊ ಆಟಕ್ಕೂ ಎಳೆಯುವ ಜೋಡಿ ಆಫರನ್ನೂ ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ ಹೊಸ ಖಾತೆ ತೆರೆಯಲು ಬೋನಸ್ ಆಮಿಷ ಒಡ್ಡುವ ಹಾಗಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಬೋನಸ್ಸನ್ನು ಸಾರ್ವಜನಿಕ ಜಾಹೀರಾತಿನಲ್ಲಿ ಹೇಳುವಂತಿಲ್ಲ. ಬೆಟ್ಟಿಂಗ್ ಬೇಡ ಅನ್ನುವ ನಮ್ಮಲ್ಲಿ ಕೂಲಿಯವನ ಫೋನಿಗೆ ಶೇಕಡಾ 500 ಬೋನಸ್ ಬರುತ್ತಿದೆ.

ಈಗ ನಿಮ್ಮಿಂದ ಏನು ಬೇಕು ಅಂತ ಹೇಳುತ್ತೇನೆ. ನಿಮ್ಮ ಕ್ರೀಡಾಪುಟದಲ್ಲಿ ಐಪಿಎಲ್ ನಡೆಯುವ ದಿನಗಳಲ್ಲಿ ಅಂಕಪಟ್ಟಿ ಹಾಕುತ್ತೀರಿ. ಅದರ ಪಕ್ಕದಲ್ಲಿ ಒಂದು ಚಿಕ್ಕ ಚೌಕ ಕೊಡಿ. ದಿನಕ್ಕೊಂದು ಆಫರಿನ ನಮೂನೆ ತೆಗೆದುಕೊಂಡು ಅದರ ಪೂರ್ತಿ ಲೆಕ್ಕ ಬಿಡಿಸಿ ಹಾಕಿ. ಸೈಟಿನ ಹೆಸರು ಹಾಕಬೇಡಿ, ಹಾಕಿದರೆ ಅದೇ ಜಾಹೀರಾತಾಗುತ್ತದೆ. ಬುದ್ಧಿವಾದ ಬೇಡ. 'ಜೂಜು ಕೆಟ್ಟದ್ದು' ಅಂತ ನಮ್ಮ ಹುಡುಗರಿಗೆ ಹೇಳಿದರೆ ಕಿವಿಯೇ ಕೊಡುವುದಿಲ್ಲ. '10,000 ಬೋನಸ್ಸಿಗೆ 2,00,000 ಆಡಬೇಕು' ಅಂದರೆ ಫೋನು ಕೆಳಗಿಟ್ಟು ಕೇಳುತ್ತಾರೆ. ಇದನ್ನು ನಾನು ನಮ್ಮ ಹಾಜರಿ ಆಫೀಸಿನಲ್ಲೇ ಕಂಡಿದ್ದೇನೆ.

ಎರಡನೆಯದು ನಿಮಗೆ ಸ್ವಲ್ಪ ಕಹಿ ಅನಿಸಬಹುದು. ಬೆಟ್ಟಿಂಗ್ ಸೈಟಿನ ಹೆಸರನ್ನೇ ಹೋಲುವ 'ಸುದ್ದಿ ತಾಣ'ಗಳ, 'ಸ್ಕೋರ್ ಆ್ಯಪ್'ಗಳ ಜಾಹೀರಾತು ಬಂದರೆ ತೆಗೆದುಕೊಳ್ಳಬೇಡಿ, ನಿಮ್ಮ ವೆಬ್‌ಸೈಟಿನಲ್ಲಿಯೂ ಸಹ. ಇವು ಅಡ್ಡದಾರಿಯ ಬೆಟ್ಟಿಂಗ್ ಜಾಹೀರಾತುಗಳು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಿಂದಲೇ ಮಾಧ್ಯಮಗಳಿಗೆ ಎಚ್ಚರಿಸುತ್ತಾ ಬಂದಿದೆ. ನಮ್ಮ ಹಳ್ಳಿಗಳಲ್ಲಿ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟುಗಳ ಬ್ಯಾನರಿನಲ್ಲಿ, ಟೀ ಶರ್ಟಿನಲ್ಲಿ ಇಂಥ ಹೆಸರುಗಳು ಕಂಡರೆ ನಿಮ್ಮ ವರದಿಗಾರರು ಅದನ್ನು ಬರೆಯಲಿ. ಟೂರ್ನಮೆಂಟ್ ಮಾಡುವ ಹುಡುಗರಿಗೆ ಅದು ಅಪರಾಧ ಅಂತಲೂ ಗೊತ್ತಿರುವುದಿಲ್ಲ.

ಜಿಲ್ಲಾ ಪಂಚಾಯಿತಿಯವರಿಗೂ ನಿಮ್ಮ ಮೂಲಕ ಒಂದು ಮನವಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಈ ಲೆಕ್ಕದ ಒಂದು ಹಾಳೆ ಅಂಟಿಸಿ. ಪಕ್ಕದಲ್ಲಿ ಎರಡು ನಂಬರು ಇರಲಿ. ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡರೆ ದೂರು ಕೊಡಲು 1930. ಆಟ ಬಿಡಲು ಆಗುತ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮೊಬೈಲ್ ಚಟಕ್ಕೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದವರು ನಾಚಿಕೆಯಿಂದ ಹೋಗುವುದಿಲ್ಲ.

ಈಗಾಗಲೇ ಬೋನಸ್ ಪಡೆದು ಸಿಕ್ಕಿಕೊಂಡವರು ಓದುತ್ತಿದ್ದರೆ ಅವರಿಗೆ ಒಂದು ಮಾತು. ಬಾಕಿ ರೋಲ್‌ಓವರ್ ಮುಗಿಸಿದರೆ ದುಡ್ಡು ಬರುತ್ತದೆ ಅಂತ ಇನ್ನಷ್ಟು ಹಾಕಬೇಡಿ. ಬೋನಸ್ ಬೇಡ ಅಂತ ರದ್ದು ಮಾಡುವ ಅವಕಾಶ ಕೆಲವು ಸೈಟುಗಳಲ್ಲಿ ಇರುತ್ತದೆ. ರದ್ದು ಮಾಡಿ, ಉಳಿದ ನಿಮ್ಮ ಸ್ವಂತ ಹಣ ಎಷ್ಟಿದೆಯೋ ಅಷ್ಟನ್ನು ಕೇಳಿ. ಬಂದರೆ ಬಂತು. 'ತೆರಿಗೆ ಕಟ್ಟಿದರೆ ಬಿಡುಗಡೆ ಮಾಡುತ್ತೇವೆ' ಅಂತ ಮತ್ತೆ ದುಡ್ಡು ಕೇಳಿದರೆ ಅದು ಶುದ್ಧ ಮೋಸ, ಒಂದು ರೂಪಾಯಿಯೂ ಕೊಡಬೇಡಿ. ಮೆಸೇಜುಗಳನ್ನು, ದುಡ್ಡು ಕಳಿಸಿದ ಯುಪಿಐ ವಿವರಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ಫೋನ್ ಮಾಡಿ. ಆಡಿದವರನ್ನು ಹೊಸ ಕಾಯ್ದೆ ಶಿಕ್ಷಿಸುವುದಿಲ್ಲ, ಆ ಹೆದರಿಕೆಯಿಂದ ಮನೆಯಲ್ಲಿ ಮುಚ್ಚಿಟ್ಟು ಕೂರಬೇಡಿ.

ನಮ್ಮ ಹಾಜರಿ ಆಫೀಸಿನ ಗೋಡೆಗೆ ನಾನು ಬರೆದು ಅಂಟಿಸಿದ ಲೆಕ್ಕದ ಹಾಳೆಯ ಒಂದು ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮಲ್ಲಿ ಲೆಕ್ಕ ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ಬೇಕಾದ ಹಾಗೆ ಬಳಸಿಕೊಳ್ಳಿ. ನನ್ನ ಹೆಸರು ಹಾಕುವ ಅಗತ್ಯ ಇಲ್ಲ. ಆದರೆ ರೊಬಸ್ಟಾ ಕೊಯ್ಲು ಮುಗಿದು ಕಡೆಯ ಬಟವಾಡೆ ಆಗುವ ಮೊದಲೇ ಅದು ಅಚ್ಚಾಗಬೇಕು. ಮಾರ್ಚ್ ಕಳೆದ ಮೇಲೆ ಹಾಕಿದರೆ ಉಪಯೋಗ ಕಮ್ಮಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಎಸ್ಟೇಟ್ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ